ಸಾಲ್ಮನ್ ನದಿಗೆ ಗಾಳ ಹಿಡಿದು ಹೊರಡುವವರಿಗೆ: ಮೊದಲು ಹರಿವು ನೋಡಿ, ಆಮೇಲೆ ರಜೆ ಹಾಕಿ

ನ್ಯೂಯಾರ್ಕ್ ರಾಜ್ಯದ ಸಾಲ್ಮನ್ ನದಿಯ ದಡದಲ್ಲಿರುವ ಪುಲಾಸ್ಕಿ ಊರಿಗೆ ಸಾಲ್ಮನ್ ಮೀನು ಹಿಡಿಯಲು ಹೋಗಬೇಕು ಅಂದುಕೊಂಡವರಲ್ಲಿ ಹೆಚ್ಚಿನವರು ಅಕ್ಟೋಬರ್‌ನ ಕೊಲಂಬಸ್ ಡೇ ರಜೆಯ ವಾರಾಂತ್ಯಕ್ಕೆ ಕೋಣೆ ಕಾಯ್ದಿರಿಸಿಬಿಡುತ್ತಾರೆ. ಆ ಮೂರು ದಿನ ದಡದಲ್ಲಿ ಮೊಣಕೈಗೆ ಮೊಣಕೈ ತಾಗುವಷ್ಟು ಜನ. ನೀರು ಸರಿಯಿಲ್ಲದಿದ್ದರೆ ಅಷ್ಟೂ ಜನ ಬರಿಗೈಯಲ್ಲಿ ವಾಪಸ್ಸು. ಈ ನದಿಗೆ ಹೋಗಿಬರುತ್ತಾ ನಾನು ಕಂಡುಕೊಂಡದ್ದು ಇಷ್ಟು: ಇಲ್ಲಿ ಯಾವ ಮಡುವಿನಲ್ಲಿ ನಿಂತಿರಿ, ಯಾವ ಗಾಳ ಕಟ್ಟಿದಿರಿ ಎನ್ನುವುದಕ್ಕಿಂತ, ಆ ದಿನ ನೀರು ಎಷ್ಟು ಹರಿಯುತ್ತಿತ್ತು ಎನ್ನುವುದೇ ದೊಡ್ಡ ಮಾತು. ಆಗುವುದಾದರೆ ವಾರದ ನಡುವೆ ಹೋಗಿ, ದಿನವನ್ನು ನದಿಯೇ ಹೇಳಲಿ.

ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ, ಆಸ್ವೀಗೊ ಕೌಂಟಿಯಲ್ಲಿ ಈ ನದಿ ಇದೆ. ಟಗ್ ಹಿಲ್ ಪ್ರಸ್ಥಭೂಮಿಯಿಂದ ಇಳಿದು ಆಲ್ಟ್‌ಮಾರ್, ಪೈನ್‌ವಿಲ್, ಪುಲಾಸ್ಕಿ ಊರುಗಳನ್ನು ದಾಟಿ ಪೋರ್ಟ್ ಒಂಟಾರಿಯೊ ಬಳಿ ಒಂಟಾರಿಯೊ ಸರೋವರ ಸೇರುತ್ತದೆ. ಸಿರಾಕ್ಯೂಸ್‌ನಿಂದ ಐ-81 ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಮುಕ್ಕಾಲು ಗಂಟೆಯ ದಾರಿ. ಮೇಲಿನ ಜೌಗು ಕಾಡುಗಳ ರಸ ಇಳಿದಿರುವುದರಿಂದ ನೀರು ತಿಳಿಯಾಗಿದ್ದರೂ ಹಾಲು ಹಾಕದ ತೆಳು ಚಹಾದ ಬಣ್ಣಕ್ಕಿರುತ್ತದೆ. ಮೊದಲ ಸಲ ನೋಡುವವರು ಕದಡಿದೆ ಅಂದುಕೊಳ್ಳುತ್ತಾರೆ. ಇಲ್ಲ, ಅದೇ ಅದರ ಸಹಜ ಬಣ್ಣ.

ಹರಿವಿನ ಲೆಕ್ಕ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೇಲೆ ಎರಡು ಜಲಾಶಯಗಳಿವೆ, ಕೆಳಗಿನದು ಲೈಟ್‌ಹೌಸ್ ಹಿಲ್. ವಿದ್ಯುತ್ ಉತ್ಪಾದನೆಗಾಗಿ ಬಿಡುವ ನೀರೇ ಕೆಳಗೆ ಹರಿಯುವುದು. ಅಣೆಕಟ್ಟಿನ ಪರವಾನಗಿಯ ಷರತ್ತಿನಂತೆ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಕನಿಷ್ಠ 335 ಕ್ಯುಸೆಕ್, ಜನವರಿಯಿಂದ ಏಪ್ರಿಲ್‌ವರೆಗೆ 285, ಬೇಸಿಗೆಯಲ್ಲಿ 185 ಕ್ಯುಸೆಕ್ ಬಿಡಲೇಬೇಕು. ಮಳೆ ಬಂದರೆ, ಹಿಮ ಕರಗಿದರೆ ಅಥವಾ ಹೆಚ್ಚು ವಿದ್ಯುತ್ ಬೇಕಾದರೆ ಇದು ಸಾವಿರ ದಾಟುತ್ತದೆ. ಪೈನ್‌ವಿಲ್‌ನಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಮಾಪಕವಿದೆ. ಅದರ ಅಂಕಿಗಳು ಅಂತರ್ಜಾಲದಲ್ಲಿ ಸದಾ ಸಿಗುತ್ತವೆ. ಎಷ್ಟು ನೀರು ಬಿಡಲಿದ್ದಾರೆ ಎಂಬುದನ್ನು ಅಣೆಕಟ್ಟು ನಡೆಸುವ ಕಂಪನಿಯೂ ಮೊದಲೇ ಪ್ರಕಟಿಸುತ್ತದೆ. ಹೊರಡುವ ಹಿಂದಿನ ದಿನ ಒಮ್ಮೆ, ಬೆಳಿಗ್ಗೆ ನೀರಿಗಿಳಿಯುವ ಮುಂಚೆ ಇನ್ನೊಮ್ಮೆ ಎರಡನ್ನೂ ನೋಡಿ.

ನನ್ನ ಅಂದಾಜು ಹೀಗೆ. 350ರಿಂದ 750 ಕ್ಯುಸೆಕ್ ಇದ್ದರೆ ಹೊಸಬರೂ ನಿಶ್ಚಿಂತೆಯಿಂದ ನಿಲ್ಲಬಹುದು. ಸಾವಿರದ ಹತ್ತಿರ ಬಂದರೆ ದಡ ಬಿಟ್ಟು ಹೆಚ್ಚು ದೂರ ಹೋಗಬೇಡಿ. ಮೀನುಗಳೂ ಆಗ ನಡುಸೆಳವು ಬಿಟ್ಟು ಅಂಚಿಗೆ ಸರಿದಿರುತ್ತವೆ, ಕಾಲಬುಡದಲ್ಲೇ ಗಾಳ ಬಿಡಿ. 1500 ದಾಟಿದರೆ ನೀರಿಗಿಳಿಯುವ ಮಾತೇ ಬೇಡ. ಹಾಗಂತ ನೀರು ಏರುವುದು ಕೆಟ್ಟದ್ದಲ್ಲ. ಹರಿವು ಏರಿದಾಗಲೇ ಸರೋವರದ ಬಾಯಲ್ಲಿ ಕಾಯುತ್ತಿದ್ದ ಹೊಸ ಮೀನುಗಳ ಗುಂಪು ಒಳಕ್ಕೆ ನುಗ್ಗುವುದು. ಏರಿದ ನೀರು ಇಳಿಯತೊಡಗಿದ ಮೊದಲ ಒಂದೆರಡು ದಿನ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ಮೇಲೆ ಬಿಟ್ಟ ನೀರು ಕೆಳಗಿನ ಮಡುಗಳಿಗೆ ತಲುಪಲು ಗಂಟೆಗಳೇ ಬೇಕು. ನಿಂತಲ್ಲೇ ನೀರು ಏರುತ್ತಿರುವುದು ಮೀನಿನ ಮೇಲೆ ಗಮನವಿಟ್ಟವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಇಳಿಯುವ ಮುಂಚೆ ದಡದ ಬಳಿ ನೆತ್ತಿ ಒಣಗಿರುವ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳುತ್ತೇನೆ. ಆ ನೆತ್ತಿ ಒದ್ದೆಯಾದರೆ, ಎಲೆ ಕಡ್ಡಿಗಳು ಇದ್ದಕ್ಕಿದ್ದಂತೆ ಹೆಚ್ಚು ತೇಲಿಬಂದು ದಾರಕ್ಕೆ ಸಿಕ್ಕತೊಡಗಿದರೆ, ಮೀನು ಕಚ್ಚುತ್ತಿದ್ದರೂ ಸರಿ, ದಡಕ್ಕೆ ಬಂದುಬಿಡಿ. ಆಚೆ ದಡಕ್ಕೆ ದಾಟಿದ್ದವರು ಅಲ್ಲೇ ಸಿಕ್ಕಿಕೊಳ್ಳುವುದು ಹೀಗೆಯೇ.

ಯಾವ ಮೀನು ಯಾವಾಗ? ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಚಿನೂಕ್ ಸಾಲ್ಮನ್‌ನ ಕಾಲ, ಜೊತೆಗೆ ಕೋಹೊ ಎಂಬ ಇನ್ನೊಂದು ಸಾಲ್ಮನ್. ಇಪ್ಪತ್ತು ಪೌಂಡಿನ ಚಿನೂಕ್ ಇಲ್ಲಿ ಅಪರೂಪವಲ್ಲ. 1991ರಲ್ಲಿ ಇದೇ ನದಿಯಲ್ಲಿ ಸಿಕ್ಕ 47 ಪೌಂಡು 13 ಔನ್ಸಿನ ಚಿನೂಕ್ ರಾಜ್ಯದ ದಾಖಲೆ. ಮೊಟ್ಟೆಯಿಟ್ಟ ಮೇಲೆ ಇವು ಸಾಯುತ್ತವೆ. ಅಕ್ಟೋಬರ್ ಕೊನೆಗೆ ಹೋದವರಿಗೆ ಸತ್ತ ಮೀನಿನ ವಾಸನೆಯೂ ಪ್ರವಾಸದ ಭಾಗವೇ. ಆ ಮೊಟ್ಟೆಗಳನ್ನು ತಿನ್ನಲು ಬ್ರೌನ್ ಟ್ರೌಟ್ ಮತ್ತು ಸ್ಟೀಲ್‌ಹೆಡ್ ಬರುತ್ತವೆ. ಸ್ಟೀಲ್‌ಹೆಡ್ ಅಂದರೆ ಸರೋವರಕ್ಕೆ ಹೋಗಿ ಬೆಳೆದು ನದಿಗೆ ಮರಳುವ ರೇನ್‌ಬೋ ಟ್ರೌಟ್. ಅಕ್ಟೋಬರ್ ನಡುವಿನಿಂದ ಏಪ್ರಿಲ್‌ವರೆಗೂ ಇವು ನದಿಯಲ್ಲಿರುತ್ತವೆ. ಒಂದೇ ಪ್ರವಾಸಕ್ಕೆ ಬಿಡುವು ಸಿಗುವವರಿಗೆ ನಾನು ಹೇಳುವುದು ನವೆಂಬರ್ ಮೊದಲ ವಾರಗಳನ್ನು. ಜನ ಕಡಿಮೆ, ಟ್ರೌಟ್ ಹುರುಪಿನಲ್ಲಿರುತ್ತದೆ, ಚಳಿ ಇನ್ನೂ ಸಹಿಸುವಷ್ಟಿರುತ್ತದೆ. ಆಮೇಲೆ ಸರೋವರದಿಂದ ಬೀಸುವ ಗಾಳಿ ತರುವ ಹಿಮ ಶುರುವಾದರೆ ಒಂದೇ ರಾತ್ರಿಯಲ್ಲಿ ಕಾರು ಮುಚ್ಚಿಹೋಗುತ್ತದೆ.

ಚಿನೂಕ್, ಕೋಹೊ ಎಂಬ ಈ ಪೆಸಿಫಿಕ್ ಸಾಲ್ಮನ್‌ಗಳು ಇಲ್ಲಿಯವಲ್ಲ. ಒಂಟಾರಿಯೊದ ಮೂಲ ಅಟ್ಲಾಂಟಿಕ್ ಸಾಲ್ಮನ್ 19ನೇ ಶತಮಾನದ ಕೊನೆಯ ಹೊತ್ತಿಗೆ ಅಳಿದಿತ್ತು. ಸರೋವರದಲ್ಲಿ ಮಿತಿಮೀರಿದ್ದ ಅಲೆವೈಫ್ ಎಂಬ ಸಣ್ಣ ಮೀನನ್ನು ತಿನ್ನಲೆಂದು 1968ರಿಂದ ನ್ಯೂಯಾರ್ಕ್ ರಾಜ್ಯ ಇವನ್ನು ತಂದು ಬಿಟ್ಟಿತು. ಈಗಲೂ ಆಲ್ಟ್‌ಮಾರ್‌ನ ಸರ್ಕಾರಿ ಮರಿ ಸಾಕಣೆ ಕೇಂದ್ರದಿಂದ ಮರಿಗಳು ಹೋಗುತ್ತವೆ, ನದಿಯಲ್ಲೇ ಹುಟ್ಟುವವೂ ಸಾಕಷ್ಟಿವೆ. ಅದಕ್ಕೇ ಒಂದು ವಿನಂತಿ: ತಳದಲ್ಲಿ ಪಾಚಿಯಿಲ್ಲದೆ ಬೆಳ್ಳಗೆ ಹೊಳೆಯುವ ಜಲ್ಲಿಯ ಗುಂಡಿ ಕಂಡರೆ ಅದು ಮೊಟ್ಟೆಯ ಗೂಡು. ಸುತ್ತಿ ಹೋಗಿ, ತುಳಿಯಬೇಡಿ.

ಇನ್ನು ಜಾಗಗಳು. ಋತುವಿನ ಶುರುವಿಗೆ ಪೋರ್ಟ್ ಒಂಟಾರಿಯೊದ ಅಳಿವೆಯಲ್ಲಿ ಕಯಾಕ್ ಅಥವಾ ದೋಣಿ ಇದ್ದವರಿಗೆ ಒಳ್ಳೆಯದು. ಅದರ ಮೇಲಿನ ಡಗ್ಲಾಸ್ಟನ್ ಖಾಸಗಿ ಜಾಗ. ದಿನದ ಪಾಸ್ ಮೊದಲೇ ಕೊಂಡಿರಬೇಕು, ಆದರೆ ಸರೋವರದಿಂದ ಬಂದ ತಾಜಾ ಮೀನು ಮೊದಲು ಸಿಗುವುದು ಅಲ್ಲೇ. ಪುಲಾಸ್ಕಿ ಊರೊಳಗೆ ಲಾಂಗ್ ಬ್ರಿಜ್, ಶಾರ್ಟ್ ಬ್ರಿಜ್, ಸ್ಟೇರ್‌ಕೇಸ್, ಬ್ಲ್ಯಾಕ್ ಹೋಲ್ ಇವೆ. ಬ್ಲ್ಯಾಕ್ ಹೋಲ್ ಆಳದ ಮಡು, ಚಳಿಗಾಲದಲ್ಲಿ ಸ್ಟೀಲ್‌ಹೆಡ್ ಅಲ್ಲಿ ತಂಗುತ್ತದೆ. ಊರೊಳಗಿನ ತಳ ಚಪ್ಪಡಿಗಲ್ಲು, ಎಣ್ಣೆ ಸುರಿದಂತೆ ಜಾರುತ್ತದೆ. ಹೊಸಬರಿಗೆ, ಮಕ್ಕಳ ಜೊತೆ ಬಂದವರಿಗೆ ನಾನು ಸೂಚಿಸುವುದು ಪೈನ್‌ವಿಲ್: ಕಾರು ನಿಲ್ಲಿಸಲು ಜಾಗವಿದೆ, ನೀರಿಗೆ ನಡೆಯುವ ದೂರ ಕಡಿಮೆ. ಜನರಿಂದ ದೂರವಿರಬೇಕೆಂದರೆ ಸ್ಪೋರ್ಟ್ಸ್‌ಮನ್ ಪೂಲ್ ಕಡೆ ಸ್ವಲ್ಪ ಕಾಡು ನಡೆಯಬೇಕು. ಆಲ್ಟ್‌ಮಾರ್ ಬಳಿಯ ಎರಡು ಭಾಗಗಳು ಫ್ಲೈ ಗಾಳಕ್ಕೆ (ಹುಳದಂತೆ ಕಾಣಲು ಗರಿ, ನೂಲು ಕಟ್ಟಿದ ಕೊಕ್ಕೆ) ಮಾತ್ರ ಮೀಸಲು, ಹಿಡಿದದ್ದನ್ನು ಬಿಡಲೇಬೇಕು. ಒಬ್ಬ ಗೈಡ್ ಜೊತೆ ಹರಿವಿನೊಂದಿಗೆ ತೇಲುವ ಡ್ರಿಫ್ಟ್ ಬೋಟ್‌ನಲ್ಲಿ ಒಂದು ದಿನ ಕಳೆದರೆ ನದಿಯ ನಕ್ಷೆ ತಲೆಯಲ್ಲಿ ಕೂರುತ್ತದೆ. ಮೊದಲ ಸಲ ಬರುವವರು ಈ ಖರ್ಚಿಗೆ ಹಿಂಜರಿಯಬೇಡಿ.

ಗಾಳ ಬಿಡುವ ರೀತಿ ಒಂದೇ ಮಾತಿನಲ್ಲಿ: ತಳ ಮುಟ್ಟಬೇಕು. ಮೊಟ್ಟೆಯ ಗಂಟನ್ನೋ ಬಣ್ಣದ ಮಣಿಯನ್ನೋ ಕಟ್ಟಿ, ಮೇಲ್ಗಡೆಗೆ ಎಸೆದು, ಹರಿವಿನ ವೇಗದಲ್ಲೇ ಕೆಳಕ್ಕೆ ಬಿಡಿ. ಸೀಸದ ಗುಂಡು ಕಲ್ಲಿನಿಂದ ಕಲ್ಲಿಗೆ ಟಕ್ ಟಕ್ ಎಂದು ತಾಗುವುದು ಬೆರಳಿಗೆ ತಿಳಿಯುತ್ತಿರಬೇಕು. ಆ ತಾಳ ಒಮ್ಮೆ ನಿಂತಿತೆಂದರೆ ಎಳೆಯಿರಿ, ಹತ್ತರಲ್ಲಿ ಒಂಬತ್ತು ಸಲ ಅದು ಕಲ್ಲೇ, ಹತ್ತನೆಯದು ಮೀನು. ಸಾಲ್ಮನ್‌ಗೆ ಗಟ್ಟಿ ದಾರ ಬೇಕು. ಸ್ಟೀಲ್‌ಹೆಡ್‌ಗೆ 6ರಿಂದ 8 ಪೌಂಡು ಎಳೆತ ತಾಳುವ ತೆಳು ಫ್ಲೋರೋಕಾರ್ಬನ್ ದಾರ ಸಾಕು. ಯಾರಾದರೂ ‘ಫಿಶ್ ಆನ್!’ ಎಂದು ಕೂಗಿದರೆ ಸುತ್ತಲಿನವರೆಲ್ಲ ತಮ್ಮ ದಾರ ಸುತ್ತಿಕೊಂಡು ದಾರಿ ಬಿಡುವುದು ಇಲ್ಲಿನ ಮರ್ಯಾದೆ. ನೀವೂ ಪಾಲಿಸಿ, ಒಂದೇ ಗಂಟೆಯಲ್ಲಿ ಪಕ್ಕದವರು ಗೆಳೆಯರಾಗುತ್ತಾರೆ.

ಮೀನಿನ ಮೈಗೋ ಬಾಲಕ್ಕೋ ಕೊಕ್ಕೆ ಸಿಕ್ಕಿಸಿ ಎಳೆಯುವುದನ್ನು ರಾಜ್ಯ 1990ರ ದಶಕದಲ್ಲೇ ನಿಷೇಧಿಸಿದೆ. ಅಕಸ್ಮಾತ್ ಹಾಗೆ ಸಿಕ್ಕರೂ ತಕ್ಷಣ ಬಿಡಬೇಕು. ಈಗಲೂ ಕೆಲವರು ಕದ್ದು ಮಾಡುತ್ತಾರೆ. ಮೊಟ್ಟೆಯಿಡಲು ಅಷ್ಟು ದೂರ ಈಜಿಬಂದ ಮೀನಿಗೆ ಹಾಗೆ ಮಾಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. 16 ತುಂಬಿದ ಎಲ್ಲರಿಗೂ ಪರವಾನಗಿ ಬೇಕು: ಹೊರರಾಜ್ಯದವರಿಗೆ ಒಂದು ದಿನಕ್ಕೆ 10 ಡಾಲರ್, ಏಳು ದಿನಕ್ಕೆ 28, ವರ್ಷಕ್ಕೆ 50, ರಾಜ್ಯದ ನಿವಾಸಿಗಳಿಗೆ ವರ್ಷಕ್ಕೆ 25. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಗಾಳ ಹಾಕಬಹುದು. ದಿನಕ್ಕೆ ಎಷ್ಟು ಮೀನು, ಯಾವ ಅಳತೆಯದು, ಎಂಥ ಕೊಕ್ಕೆ ಎಂಬ ನಿಯಮಗಳು ಆಗಾಗ ಬದಲಾಗುತ್ತವೆ. ಪರಿಸರ ಸಂರಕ್ಷಣಾ ಇಲಾಖೆಯ ಆ ವರ್ಷದ ಕೈಪಿಡಿ ಓದಿಕೊಂಡೇ ಹೊರಡಿ.

ಎದೆಮಟ್ಟದ ವೇಡರ್ (ನೀರು ಒಳಸೇರದ ಪ್ಯಾಂಟು), ಅದರ ಮೇಲೆ ಬಿಗಿಯಾಗಿ ಬೆಲ್ಟ್, ಲೋಹದ ಮೊಳೆಯಿರುವ ಬೂಟು, ಊರುಗೋಲು: ಈ ನಾಲ್ಕರಲ್ಲಿ ಯಾವುದನ್ನೂ ಬಿಡಬೇಡಿ. ಊರಿನ ಅಂಗಡಿಗಳಲ್ಲಿ ಗಾಳದ ಸಾಮಾನೆಲ್ಲ ಸಿಗುತ್ತದೆ. ಹಿಂದಿನ ದಿನ ಮೀನು ಎಲ್ಲಿತ್ತು ಎಂಬ ಸುದ್ದಿಯೂ ಅಲ್ಲೇ ಸಿಗುತ್ತದೆ.

ಮೀನು ಮನೆಗೆ ತರುವವರು ರಾಜ್ಯದ ಆರೋಗ್ಯ ಇಲಾಖೆಯ ಸಲಹೆ ನೋಡಿ. ಒಂಟಾರಿಯೊದ ದೊಡ್ಡ ಮೀನುಗಳ ಕೊಬ್ಬಿನಲ್ಲಿ ಪಿಸಿಬಿ ಎಂಬ ಹಾನಿಕಾರಕ ಕೈಗಾರಿಕಾ ರಾಸಾಯನಿಕ ಸೇರಿರುತ್ತದೆ. ಮಕ್ಕಳಿಗೆ, ಹೆರುವ ವಯಸ್ಸಿನ ಹೆಂಗಸರಿಗೆ ಬೇರೆಯೇ ಬಿಗಿ ಸಲಹೆಯಿದೆ. ನಾನಂತೂ ಬಹುತೇಕ ಬಿಟ್ಟೇ ಬರುತ್ತೇನೆ. ಗಾಳದಲ್ಲಿ ಆಸಕ್ತಿಯಿಲ್ಲದವರು ಜೊತೆಗಿದ್ದರೆ ಅಕ್ಟೋಬರ್‌ನಲ್ಲಿ ಆಲ್ಟ್‌ಮಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಸಾಲ್ಮನ್‌ಗಳು ಏಣಿಯಂಥ ಕಾಲುವೆ ಹತ್ತಿ ಬರುವುದನ್ನು, ಸಿಬ್ಬಂದಿ ಮೊಟ್ಟೆ ತೆಗೆಯುವುದನ್ನು ಅಲ್ಲಿ ನೋಡಬಹುದು. ಅಲ್ಲಿಂದ ಮುಂದೆ ಕಾರಿನಲ್ಲಿ ಸ್ವಲ್ಪ ದೂರ ಹೋದರೆ 110 ಅಡಿಯ ಸಾಲ್ಮನ್ ರಿವರ್ ಜಲಪಾತ. ಇವೆರಡಕ್ಕೆ ಅರ್ಧ ದಿನ ಇಟ್ಟುಕೊಂಡರೆ ಸಾಕು.