ಭೀಮಾ ಮಾದರಿ: ಉಜನಿ ದಾಟಿದ ಮೇಲೆ ನಿಂತುಬಿಡುತ್ತಿದ್ದ ನೀರು

ಸನ್‌ಬೋರ್ಡ್ ಅನ್ನುವ ಹಗುರ ಫೋಮ್ ಹಾಳೆಗಳನ್ನು ಪದರಪದರವಾಗಿ ಅಂಟಿಸಿ ಮಾಡಿದ ನನ್ನ ಭೀಮಾ ನದಿಯ ಮಾದರಿಯಲ್ಲಿ ನೀರು ಕೊನೆಗೂ ಹರಿಯಿತು! ಭೀಮಾಶಂಕರದಲ್ಲಿ ಬಿಟ್ಟ ನೀಲಿ ನೀರು ಪಂಢರಪುರದ ಬಾಗು ದಾಟಿ, ಗಾಣಗಾಪುರ ದಾಟಿ, ಯಾದಗಿರಿಯ ಕೆಳಗೆ ಹೋಗಿ ಕೃಷ್ಣೆಯನ್ನು ಮುಟ್ಟಿತು. ಹಾಳೆ ಕತ್ತರಿಸಿದ್ದು, ಅಂಟಿಸಿದ್ದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಡಿ. ತಲೆ ತಿಂದದ್ದು ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಕೆಳಗಿನ ಭಾಗ.

ಲೆಕ್ಕ ನೋಡಿ. 861 ಕಿ.ಮೀ. ಉದ್ದದ ನದಿ ಹುಟ್ಟುವುದು ಸುಮಾರು 945 ಮೀಟರ್ ಎತ್ತರದಲ್ಲಿ, ಕೃಷ್ಣೆಗೆ ಸೇರುವುದು ಸುಮಾರು 340ರಲ್ಲಿ. ಅದರಲ್ಲಿ ಹೆಚ್ಚಿನ ಇಳಿತ ಮೇಲೇ ಮುಗಿದುಹೋಗುತ್ತದೆ. ಉಜನಿ ಜಲಾಶಯ ತುಂಬಿದಾಗಿನ ಮಟ್ಟ ಸುಮಾರು 497 ಮೀಟರ್, ಅಲ್ಲಿಂದ ಸಂಗಮದವರೆಗೆ ಉಳಿಯುವುದು ಹೆಚ್ಚುಕಡಿಮೆ 157 ಮೀಟರ್ ಅಷ್ಟೆ. ನನ್ನ ಮಾದರಿ 1:2,50,000ದ್ದು, ಅಂದರೆ ನೆಲದ ಎರಡೂವರೆ ಕಿ.ಮೀ.ಗೆ ಇಲ್ಲಿ ಒಂದು ಸೆಂ.ಮೀ., ಎತ್ತರ ಮಾತ್ರ ಹತ್ತು ಪಟ್ಟು ಹಿಗ್ಗಿಸಿದ್ದೇನೆ. ಆದರೂ ಆ ಇಳಿತ 6 ಮಿ.ಮೀ., ಅದೂ ಒಂದು ಮೀಟರಿಗಿಂತ ಜಾಸ್ತಿ ಉದ್ದಕ್ಕೆ. ಅಂದರೆ ಸನ್‌ಬೋರ್ಡಿನ ಎರಡೇ ಹಾಳೆ!

ಆ ಹಾಳೆಯಲ್ಲೂ ಅಂಗಡಿಯವರು ಕೈ ಆಡಿಸಿದ್ದರು. 3 ಮಿ.ಮೀ. ದಪ್ಪ ಅಂತ ಕೊಟ್ಟದ್ದು ವರ್ನಿಯರ್ ಮಾಪಕ ಹಿಡಿದರೆ 2.6 ಮಿ.ಮೀ. ಸಹ್ಯಾದ್ರಿಯಲ್ಲಿ ಇದು ನಡೆದೀತು, ನಮ್ಮ ಬಯಲಲ್ಲಿ ನಡೆಯುವುದಿಲ್ಲ. ಕೊರತೆಯನ್ನು ಪುಟ್ಟಿ ಬಳಿದು, ಗಾರೆಯವರು ಮಟ್ಟ ನೋಡುವ ನೀರಿನ ಕೊಳವೆ (ಟ್ಯೂಬ್ ಲೆವೆಲ್) ಹಿಡಿದು ಸರಿ ಮಾಡಿದೆ.

   

ಮಟ್ಟ ಸರಿಹೋದರೂ ನೀರು ಪಂಢರಪುರದಲ್ಲಿ ಹನಿಹನಿಯಾಗಿ ಕೂತಿತು. "ಇಪ್ಪತ್ತು ಪಟ್ಟು ಹಿಗ್ಗಿಸಿಬಿಡ್ರಿ ಸರ" ಅಂದರು ಗೆಳೆಯರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಸಹ್ಯಾದ್ರಿ ಸೂಜಿಯಾಗುತ್ತದೆ, ಕಲಬುರಗಿಯ ಬಯಲು ಬಯಲಾಗಿ ಉಳಿಯುವುದಿಲ್ಲ. ಇಷ್ಟು ಸಪಾಟು ನೆಲದಲ್ಲೂ ಹರಿಯುತ್ತದಲ್ಲ, ಭೀಮೆಯ ಸೊಗಸೇ ಅದು.

ತೊಂದರೆ ಇಳಿಜಾರಿನದಲ್ಲ, ನೀರಿನದು ಅಂತ ಆಮೇಲೆ ಹೊಳೆಯಿತು. 3 ಮಿ.ಮೀ. ಅಗಲದ, ವಾರ್ನಿಶ್ ಬಳಿದ ಕಾಲುವೆಯಲ್ಲಿ ಹನಿ ತನ್ನ ಮೇಲ್ಮೈ ಬಿಗಿತದಿಂದಲೇ ಮುದುಡಿಕೊಳ್ಳುತ್ತದೆ. ಸಣ್ಣ ಇಳಿತಕ್ಕೆ ಅದನ್ನು ತಳ್ಳುವ ಬಲ ಇಲ್ಲ. ಸೋಪು ಆ ಬಿಗಿತವನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಲೋಟದ ನೀರಿಗೆ ಹಾಕಿ, ನೊರೆ ಬರದ ಹಾಗೆ ಕಲಕಿ ಬಿಟ್ಟೆ. ಅಷ್ಟೇ, ಹನಿಗಳು ಒಂದಕ್ಕೊಂದು ಕೂಡಿಕೊಂಡು ಮೆಲ್ಲಗೆ ಸಾಗಿದವು.

ಈಗ ಭೀಮೆಯ ಉಪನದಿಗಳಾದ ಸೀನಾ, ಬೋರಿ, ಅಮರ್ಜಾಗಳಿಗೆ ಕಾಲುವೆ ಕೊರೆಯಬೇಕು. ಮೂರಕ್ಕೂ ಇದೇ ಸೋಪಿನ ನೀರು.