ಸಾರು ಹಾಕಿದಾಗ ಕೈಗೆತ್ತಲಾಗದ ಬಟ್ಟಲು

ಕಳೆದ ವರ್ಷದ ಆ ಮಧ್ಯಾಹ್ನ ನೆನಪಾದರೆ ಈಗಲೂ ಎಡಗೈ ಬೆರಳು ಚುರ್ ಅನ್ನುತ್ತದೆ. ಮೇಜಿನ ಸುತ್ತ ಐದು ಜನ ಕೂತಿದ್ದರು. ಐವರೂ ನಾನು ಡಿಸೈನ್ ಮಾಡಿದ ಬಟ್ಟಲನ್ನು ಎತ್ತಿದರು. ಒಬ್ಬರಾದ ಮೇಲೆ ಒಬ್ಬರು ಕೆಳಗಿಟ್ಟರು. ಯಾರೂ ಒಂದು ಮಾತೂ ಆಡಲಿಲ್ಲ.

ನಾನು ಕೆಲಸ ಮಾಡುವುದು ಹಸಾಮಿಯಲ್ಲಿ. ಜಪಾನಿನ ನಾಗಾಸಾಕಿ ಪ್ರಾಂತ್ಯದ ಸಣ್ಣ ಊರು. ಸುಮಾರು 400 ವರ್ಷಗಳಿಂದ ಇಲ್ಲಿಯವರ ಕಸುಬು ಪಿಂಗಾಣಿ. ಪಕ್ಕದ ಅರಿತಾದ ಹೆಸರು ದೊಡ್ಡದು, ಹಸಾಮಿಯದು ಮೊದಲಿನಿಂದಲೂ ಮನೆಮಂದಿ ದಿನಾ ಉಣ್ಣುವ ಬಟ್ಟಲು, ತಟ್ಟೆ. ಇಲ್ಲಿ ಒಬ್ಬರೇ ಎಲ್ಲ ಕೆಲಸ ಮಾಡುವುದಿಲ್ಲ. ಅಚ್ಚು ಮಾಡುವ ಕತಯಾ ಬೇರೆ, ಆ ಅಚ್ಚಿನಿಂದ ಹಸಿ ಬಟ್ಟಲು ತೆಗೆಯುವ ಕಿಜಿಯಾ ಬೇರೆ, ಗ್ಲೇಜ್ ಹಾಕಿ ಸುಡುವ ಕಮಾಮೊತೊ ಬೇರೆ. ನಾನಿರುವುದು ಒಂದು ಕಮಾಮೊತೊದಲ್ಲಿ. ಡ್ರಾಯಿಂಗ್ ನನ್ನ ಕೈಯಿಂದ ಹೊರಟು ಮೂರು ಮನೆ ತಿರುಗಿ ಬಟ್ಟಲಾಗಿ ವಾಪಸ್ ಬರುತ್ತದೆ.

ಆ ಸಲ ಶಾಚೋ, ಅಂದರೆ ಕಂಪನಿಯ ಯಜಮಾನರು, ಕೊಟ್ಟ ಕೆಲಸ ಚಿಕ್ಕದು. ಒಬ್ಬರೇ ಇರುವ ಮನೆಗೆ ಒಂದೇ ಬಟ್ಟಲು. ಬೆಳಿಗ್ಗೆ ಅನ್ನ, ರಾತ್ರಿ ಸಾರು, ರಜಾದಿನ ಸಲಾಡ್, ಎಲ್ಲ ಅದರಲ್ಲೇ. ಕಪಾಟು ಸಣ್ಣದು, ಆದ್ದರಿಂದ ಒಂದರೊಳಗೊಂದು ಚೆನ್ನಾಗಿ ಕೂರಬೇಕು. ಮಾರಾಟದವರು ಇನ್ನೊಂದು ಸೇರಿಸಿದರು: ರಟ್ಟಿನ ಪೆಟ್ಟಿಗೆಯ ಎತ್ತರ ಜಾಸ್ತಿ ಆಗಬಾರದು. ಪ್ರದರ್ಶನದ ದಿನ ಮೊದಲೇ ಗೊತ್ತಾಗಿತ್ತು. ಬಟ್ಟಲು ಇನ್ನೂ ಕಾಗದದ ಮೇಲೂ ಇರಲಿಲ್ಲ.

ನನಗೆ ಈ ಕೆಲಸ ತುಂಬಾ ಇಷ್ಟವಾಯಿತು. ಅಗಲ 130 ಮಿ.ಮೀ., ಎತ್ತರ 58. ಬಾಯಿಯಿಂದ ತಳದವರೆಗೆ ಒಂದೇ ಗೆರೆ, ಎಲ್ಲೂ ಮುರಿಯದ ಹಾಗೆ. ಆ ಗೆರೆಯನ್ನು ಕೆಡಿಸುತ್ತಿದ್ದದ್ದು ಒಂದೇ, ಕೋದಾಯ್. ಬಟ್ಟಲಿನ ಅಡಿಗೆ ಇರುವ ಉಂಗುರ. ಅದನ್ನು ಇಳಿಸುತ್ತಾ ಇಳಿಸುತ್ತಾ 3 ಮಿ.ಮೀ.ಗೆ ತಂದೆ. ಮೇಜಿನ ಮೇಲೆ ಅಲ್ಲಾಡಬಾರದು ಅಂತ ಉಂಗುರದ ಅಗಲವನ್ನು 64ಕ್ಕೆ ಏರಿಸಿದೆ. ಸ್ಕ್ರೀನ್ ಮೇಲೆ ನೋಡಿದರೆ ಬಟ್ಟಲು ಮೇಜಿನಿಂದ ಕೂದಲೆಳೆಯಷ್ಟು ಮೇಲೆ ತೇಲುವ ಹಾಗೆ ಕಾಣುತ್ತಿತ್ತು. 5 ಬಟ್ಟಲು ಪೇರಿಸಿದರೂ ಗಿಡ್ಡಗೆ ಕೂರುತ್ತಿದ್ದವು. ಮಾರಾಟದವರಿಗೂ ಖುಷಿ, ನನಗೂ ಖುಷಿ.

ಡ್ರಾಯಿಂಗ್ ಹಿಡಿದು ಕತಯಾ ಹತ್ತಿರ ಹೋದೆ. ಎಪ್ಪತ್ತು ದಾಟಿದ ಮನುಷ್ಯ. ಪಿಂಗಾಣಿ ಸುಟ್ಟಾಗ ಸುಮಾರು ಶೇ 13ರಷ್ಟು ಕುಗ್ಗುತ್ತದೆ. ಕೊನೆಗೆ 130 ಬೇಕಾದರೆ ಹಸಿಯಲ್ಲಿ ಸುಮಾರು 150 ಇರಬೇಕು. ಈ ಲೆಕ್ಕ ಅವರಿಗೆ ಬಾಯಿಪಾಠ. ಕನ್ನಡಕ ಹಣೆಗೇರಿಸಿ ಡ್ರಾಯಿಂಗನ್ನು ಬಹಳ ಹೊತ್ತು ನೋಡಿದರು. ಹೆಬ್ಬೆರಳಿನ ಉಗುರನ್ನು ಕೋದಾಯ್ ಮೇಲಿಟ್ಟು ಕೇಳಿದರು, "ಇದು, ದಾಯ್‌ಜೋಬು?" ಪರವಾಗಿಲ್ಲ ತಾನೇ ಅಂತ.

"ದಾಯ್‌ಜೋಬು" ಅಂದೆ.

ಸ್ವಲ್ಪ ಹೊತ್ತು ಬಿಟ್ಟು ಚಹಾ ಕೊಟ್ಟರು. ಮತ್ತೆ ಅದೇ ಜಾಗದ ಮೇಲೆ ಉಗುರಿಟ್ಟರು. "ಡಿಸೈನರ್-ಸಾನ್, ಇದಕ್ಕೆ ಸಾರೂ ಹಾಕುತ್ತಾರಾ?"

"ಹೌದು, ಸಾರಿಗೂ ಇದೇ" ಅಂದೆ, ಹೆಮ್ಮೆಯಿಂದ. ಅವರು "ಸೋ ದೆಸು ಕಾ", ಅಂದರೆ ಹೌದಾ, ಅಂದು ಕಾಗದ ಮಡಚಿದರು.

ಇಲ್ಲೇ ನಾನು ತಪ್ಪಿದ್ದು. ಆ ಊರಿನಲ್ಲಿ ಆಗಲೇ ಮೂರು ವರ್ಷ ಕಳೆದಿದ್ದೆ. ಹಿರಿಯ ಕೆಲಸಗಾರರು "ಇದು ಬೇಡ" ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಎರಡು ಸಲ ಕೇಳುತ್ತಾರೆ ಅನ್ನುವುದು ಅಷ್ಟರಲ್ಲಿ ನನಗೆ ಗೊತ್ತಿರಬೇಕಿತ್ತು. ನಾನು ಅದನ್ನು ಸುಮ್ನೆ ಪ್ರಶ್ನೆ ಅಂದುಕೊಂಡು ಉತ್ತರ ಕೊಟ್ಟೆ.

ಎರಡನೇ ಎಚ್ಚರಿಕೆ ಬಟ್ಟಲು ಸುಡುವ ಗೂಡಿನಿಂದ ಬಂತು. ಸುಯಾಕಿ, ಅಂದರೆ ಗ್ಲೇಜ್ ಹಾಕುವ ಮುಂಚಿನ ಸುಡುವಿಕೆ, ಸುಮಾರು 900 ಡಿಗ್ರಿಯಲ್ಲಿ ಆಗುತ್ತದೆ, ಅದರಲ್ಲಿ ಏನೂ ತೊಂದರೆ ಕಾಣಲಿಲ್ಲ. ಗ್ಲೇಜ್ ಹಾಕಿದ ಮೇಲೆ ಸುಡುವ ಹೊನ್‌ಯಾಕಿ ಸುಮಾರು 1300 ಡಿಗ್ರಿ. ಆ ಬಿಸಿಗೆ ಪಿಂಗಾಣಿ ಮೆತ್ತಗಾಗುತ್ತದೆ, ಅಗಲ ತಳದ ನಡುಭಾಗ ತನ್ನ ಭಾರಕ್ಕೇ ಸ್ವಲ್ಪ ಕುಸಿಯುತ್ತದೆ. ಉಂಗುರ ಎತ್ತರವಿದ್ದರೆ ಕುಸಿದದ್ದು ಗೊತ್ತೇ ಆಗುವುದಿಲ್ಲ. 3 ಮಿ.ಮೀ. ಇದ್ದರೆ ಗೂಡಿನ ಹಲಗೆಗೆ ತಾಗುತ್ತದೆ. ತಾಗಿದ ಕಡೆ ಗ್ಲೇಜ್ ಅಂಟಿಕೊಳ್ಳುತ್ತದೆ. ಮೊದಲ ಪರೀಕ್ಷೆಯ 24ರಲ್ಲಿ 3 ಹಲಗೆಗೆ ಕಚ್ಚಿಕೊಂಡಿದ್ದವು. ಬಡಿದು ಎಬ್ಬಿಸಿದಾಗ ತಳದ ಚೂರು ಅಲ್ಲೇ ಉಳಿಯಿತು. ನಾನು ತಳವನ್ನು ಕೆಳಗಿನಿಂದ ಒಂಚೂರು ತೆಳ್ಳಗೆ ಮಾಡಿ ಅಂತ ಕಿಜಿಯಾಗೆ ಹೇಳಿ ಕಳಿಸಿದೆ. ಕೋದಾಯ್ ಮುಟ್ಟಲಿಲ್ಲ. ತೆಳ್ಳಗೆ ಮಾಡಿದ್ದರಿಂದ ಅಂಟುವುದು ಕಡಿಮೆಯಾಯಿತು. ಬಿಸಿ ಕೈಗೆ ಬರುವುದು ಮಾತ್ರ ಇನ್ನೂ ಬೇಗವಾಯಿತು. ಆ ಎರಡನೆಯದು ನನ್ನ ತಲೆಗೆ ಹೊಳೆಯಲೇ ಇಲ್ಲ. ಯಾಕೆಂದರೆ ನಾನು ಆ ಬಟ್ಟಲನ್ನು ನೂರು ಸಲ ಕೈಯಲ್ಲಿ ಹಿಡಿದಿದ್ದೆ, ನೂರು ಸಲವೂ ಖಾಲಿ.

ನಮ್ಮಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಹೊಸ ಪಾತ್ರೆ ಬಂದರೆ ಎರಡು ವಾರ ಸಿಬ್ಬಂದಿ ಮಧ್ಯಾಹ್ನದ ಊಟಕ್ಕೆ ಅದನ್ನೇ ಬಳಸಬೇಕು, ತೊಳೆಯಬೇಕು, ಪೇರಿಸಬೇಕು. ಪ್ರದರ್ಶನದ ದಿನ ಹತ್ತಿರ ಬಂದದ್ದರಿಂದ ಈ ಸಲ ಅದನ್ನು ಬಿಟ್ಟುಬಿಟ್ಟರು. ನಾನೂ ಬೇಡ ಅನ್ನಲಿಲ್ಲ. ಕಿಜಿಯಾ ಹತ್ತಿರ 60 ಅಚ್ಚು ಆಗಲೇ ಒಣಗಿ ಸಾಲಾಗಿ ನಿಂತಿದ್ದವು.

ಮೊದಲು ಹೇಳಿದ ಆ ಮಧ್ಯಾಹ್ನ ದೊಡ್ಡ ಊರಿನ ಅಂಗಡಿಯೊಂದರ ಖರೀದಿಯವರು ಬಂದಿದ್ದರು. ಶಾಚೋಗೆ ಬಂದವರಿಗೆ ಊಟ ಹಾಕಿಯೇ ಪಾತ್ರೆ ತೋರಿಸುವ ಅಭ್ಯಾಸ. ಅಡುಗೆಮನೆಯಿಂದ ಮೂಲಂಗಿ, ತೋಫು ಹಾಕಿದ ಮಿಸೊ ಸಾರು ಬಂತು, ಹೊಗೆಯಾಡುತ್ತಾ. ಅದನ್ನು ನನ್ನ ಬಟ್ಟಲಿಗೆ ಬಡಿಸಿದರು. ಮೇಜಿನ ಮೇಲೆ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಬಿಳಿ ಮೈ, ಒಳಗೆ ಕಂದು ಸಾರು, ಮೇಲೆ ಹಸಿರು ಈರುಳ್ಳಿ ಎಲೆ. ನನ್ನ ಎದೆ ತುಂಬಿತ್ತು.

ಖರೀದಿಯ ಹೆಂಗಸು ಎಡಗೈ ಚಾಚಿದರು. ಹೆಬ್ಬೆರಳು ಅಂಚಿನ ಮೇಲೆ, ಉಳಿದ ಬೆರಳು ಕೆಳಗೆ. ಇಲ್ಲಿನವರು ಚಿಕ್ಕಂದಿನಿಂದ ಹಾಗೇ ಹಿಡಿಯುವುದು. ಬೆರಳು ಉಂಗುರಕ್ಕೆ ತಡಕಾಡಿತು. ಹಿಡಿಯಲು ಉಂಗುರ ಸಿಗಲಿಲ್ಲ. ಬೆರಳು ನೇರವಾಗಿ ಬಿಸಿ ತಳಕ್ಕೆ ತಾಗಿತು. ನಾಲ್ಕು ಬೆರಳು ಒಟ್ಟಿಗೆ ಬಿಚ್ಚಿಕೊಂಡದ್ದನ್ನು ಕಂಡೆ. ಬಟ್ಟಲು ವಾಲಿತು, ಚೆಲ್ಲಲಿಲ್ಲ. ಕೆಳಗಿಟ್ಟರು. ಎರಡೂ ಕೈಯಿಂದ ಅಂಚು ಹಿಡಿದು ಇನ್ನೊಮ್ಮೆ ನೋಡಿದರು. ಅದೂ ಬಿಸಿ. ಮತ್ತೆ ಕೆಳಗಿಟ್ಟು, ಮೈ ಮುಂದಕ್ಕೆ ಬಗ್ಗಿಸಿ, ಬಟ್ಟಲನ್ನು ಮೇಜಿನ ಮೇಲೇ ಬಿಟ್ಟು ಮೂಲಂಗಿ ಚೂರನ್ನು ಎತ್ತಿಕೊಂಡರು.

ಆ ಬಗ್ಗುವಿಕೆಯ ಅರ್ಥ ಗೊತ್ತಿರುವವರಿಗೆ ಗೊತ್ತು. ಜಪಾನಿನಲ್ಲಿ ಅನ್ನ, ಸಾರಿನ ಬಟ್ಟಲನ್ನು ಕೈಗೆತ್ತಿಕೊಂಡೇ ಉಣ್ಣಬೇಕು. ಮೇಜಿನ ಮೇಲಿಟ್ಟು ಮುಖ ಬಗ್ಗಿಸಿ ತಿಂದರೆ ಅದಕ್ಕೆ 'ಇನುಗುಯಿ' ಅನ್ನುತ್ತಾರೆ, ಅಂದರೆ ನಾಯಿ ತಿನ್ನುವ ಹಾಗೆ. ಮಕ್ಕಳಿಗೆ ಬೈದು ಬಿಡಿಸುವ ಅಭ್ಯಾಸ ಅದು. ನನ್ನ ಬಟ್ಟಲು ಬಂದ ಅತಿಥಿಯನ್ನು ಹಾಗೆ ಉಣ್ಣಿಸಿತು. ಶಾಚೋ ಎತ್ತಿದರು, ಇಟ್ಟರು. ಶಿಯಾಗೆ, ಅಂದರೆ ಬಟ್ಟಲಿಗೆ ಕೊನೆಯ ನಯ ಕೊಡುವ, ವಿಭಾಗದ ಹಿರಿಯರು ಎತ್ತಿದರು, ಇಟ್ಟರು. ಅವರು ಮೆಲ್ಲನೆ ಎದ್ದು ಹೋಗಿ ಮಡಚಿದ ಕರವಸ್ತ್ರಗಳನ್ನು ತಂದು ಎಲ್ಲರ ಪಕ್ಕ ಒಂದೊಂದು ಇಟ್ಟರು. ಆ ಕರವಸ್ತ್ರ ಇಟ್ಟ ಒಂದು ನಿಮಿಷವನ್ನು ನಾನು ಮರೆಯಲಾರೆ. ಗಂಟಲು ಕಟ್ಟಿತು. ಕೊನೆಗೆ ನಾನೂ ಎತ್ತಿದೆ, ಬಿಡಬಾರದು ಅಂತ ಹಠ ಹಿಡಿದು ಎತ್ತಿದೆ. ಐದು ಎಣಿಸುವಷ್ಟರಲ್ಲಿ ಇಟ್ಟೆ.

ಖರೀದಿಯವರು ಹೋಗುವಾಗ "ಆಕಾರ ಬಹಳ ಚೆಂದ" ಅಂದರು. ಆರ್ಡರ್ ಬರಲಿಲ್ಲ.

ರಾತ್ರಿ ಯೋಚನೆ ಮಾಡುತ್ತಾ ಕೂತೆ. ನಾನು ಹಾಸನದ ಕಡೆಯವ. ನಮ್ಮ ಮನೆಯಲ್ಲಿ ಊಟದ ತಟ್ಟೆ ನೆಲ ಬಿಟ್ಟು ಏಳುತ್ತಿರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಉಣ್ಣಬಾರದು ಅಂತ ಅಜ್ಜಿ ಗದರುತ್ತಿದ್ದರು. ಹಾಗಾಗಿ ನನ್ನ ಕಣ್ಣಿಗೆ ಬಟ್ಟಲು ಅಂದರೆ ಕೆಳಗಿರುವ ವಸ್ತು, ಮೇಲಿನಿಂದ ನೋಡುವ ವಸ್ತು. ಆದರೆ ಅದೇ ಮನೆಯಲ್ಲಿ ಕಾಫಿ ಲೋಟವೂ ಇತ್ತಲ್ವಾ? ಸ್ಟೀಲ್ ಲೋಟದ ಬಾಯಿಗೆ ಹೊರಕ್ಕೆ ಚಾಚಿದ ಅಂಚು. ಕುದಿಯುವ ಕಾಫಿ ಇದ್ದರೂ ಅಮ್ಮ ಎರಡು ಬೆರಳಲ್ಲಿ ಆ ಅಂಚು ಹಿಡಿದು ಬಟ್ಟಲಿಗೆ ಎತ್ತಿ ಸುರಿಯುತ್ತಿದ್ದರು. ಬಿಸಿ ಇರುವ ಪಾತ್ರೆಗೆ ಬೆರಳಿಗೊಂದು ಜಾಗ ಬೇಕು. ಅದನ್ನು ನೋಡಿಕೊಂಡೇ ಬೆಳೆದೆ, ಆದರೂ ಬಟ್ಟಲಿನಲ್ಲಿ ಆ ಜಾಗವನ್ನು ಉಜ್ಜಿ ಅಳಿಸಿಬಿಟ್ಟೆ.

ನಮ್ಮ ಊಟದ ಮೇಜಿನ ಮೇಲೆ ದಿನಾ ಒಂದು ಸೋಯಾ ಸಾಸ್ ಕುಡಿಕೆ ಇರುತ್ತದೆ. ಡಿಸೈನರ್ ಮೋರಿ ಮಸಾಹಿರೊ 1958ರಲ್ಲಿ ಇದೇ ಹಸಾಮಿಯಲ್ಲಿ ಮಾಡಿದ್ದು, 1960ರಲ್ಲಿ ಜಪಾನಿನ ಗುಡ್ ಡಿಸೈನ್ ಪ್ರಶಸ್ತಿ ಪಡೆದದ್ದು. ಇವತ್ತಿಗೂ ತಯಾರಾಗುತ್ತದೆ. ಅದಕ್ಕೆ ಹಿಡಿಕೆ ಇಲ್ಲ. ಕತ್ತಿನ ಹತ್ತಿರ ಸಣ್ಣಗಾಗಿದೆ ಅಷ್ಟೇ, ಬೆರಳು ತಾನಾಗಿ ಅಲ್ಲಿ ಹೋಗಿ ಕೂರುತ್ತದೆ. ಮೂರು ವರ್ಷ ಅದರಿಂದ ಸಾಸ್ ಬಗ್ಗಿಸಿಕೊಂಡು ಉಂಡಿದ್ದೇನೆ. ಸರಳ ಅಂದರೆ ಗೆರೆ ಕಡಿಮೆ ಇರುವುದು ಅಂತಲೇ ಅಂದುಕೊಂಡಿದ್ದೆ. ಅದರಲ್ಲಿ ಬೆರಳಿಗೆ ಬೇಕಾದ್ದು ಯಾವುದನ್ನೂ ತೆಗೆದಿಲ್ಲ. ಇಲ್ಲಿನ ಮನೆಗಳಲ್ಲಿ ಸಾರಿಗೆ ಉರುಶಿ ಅನ್ನುವ ಮರದ ಅಂಟಿನ ಮೆರುಗು ಬಳಿದ ಮರದ ಬಟ್ಟಲು, ಅನ್ನಕ್ಕೆ ಪಿಂಗಾಣಿ ಯಾಕೆ ಅನ್ನುವುದನ್ನೂ ಆ ರಾತ್ರಿಯೇ ಸರಿಯಾಗಿ ಯೋಚಿಸಿದ್ದು. ಮರ ಬಿಸಿಯನ್ನು ಕೈಗೆ ಬೇಗ ದಾಟಿಸುವುದಿಲ್ಲ. ನಾನು ಎರಡನ್ನೂ ಒಂದೇ ಬಟ್ಟಲಿಗೆ ತುಂಬಲು ಹೋದೆ, ಅದೂ ಪಿಂಗಾಣಿಯಲ್ಲಿ, ಅದೂ ತೆಳ್ಳನೆ ತಳದಲ್ಲಿ.

ಮರುದಿನ ಕತಯಾ ಮನೆಗೆ ಹೋಗಿ ತಲೆಬಗ್ಗಿಸಿ ಕ್ಷಮೆ ಕೇಳಿದೆ. ಅವರು ಏನೂ ಹೇಳದೆ ಒಳಗೆ ಹೋಗಿ ನನ್ನ ಹಳೆಯ ಡ್ರಾಯಿಂಗ್ ತಂದರು. ಕೋದಾಯ್ ಪಕ್ಕ, ನನ್ನ 3ರ ಬಲಕ್ಕೆ, ಪೆನ್ಸಿಲಿನಲ್ಲಿ ಸಣ್ಣದಾಗಿ 9 ಅಂತ ಬರೆದಿತ್ತು. ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಚಹಾ ಕೊಟ್ಟ ದಿನವೇ ಬರೆದಿಟ್ಟದ್ದು.

ಗೆಂಕೇ, ಅಂದರೆ ಅಚ್ಚು ತೆಗೆಯುವ ಮೂಲ ಮಾದರಿ, ಹೊಸದಾಗಿ ಮಾಡಿದರು. ಕೋದಾಯ್ 9 ಮಿ.ಮೀ., ಅಗಲ 64ರಿಂದ 48ಕ್ಕೆ ಇಳಿಯಿತು. ತಳದ ದಪ್ಪ ವಾಪಸ್ ಬಂತು. ಡಿಶ್‌ವಾಷರ್‌ನಲ್ಲಿ ಬೋರಲು ಹಾಕಿದಾಗ ಉಂಗುರದೊಳಗೆ ನೀರು ನಿಲ್ಲುತ್ತದೆ ಅಂತ ಶಿಯಾಗೆಯವರು ಹೇಳಿದರು, ಅದಕ್ಕೆ ಉಂಗುರದಲ್ಲಿ ಒಂದು ಸಣ್ಣ ಕಚ್ಚು ಹಾಕಿದೆವು. 5 ಬಟ್ಟಲು ಪೇರಿಸಿದರೆ ಈಗ 3 ಸೆಂ.ಮೀ. ಎತ್ತರ ಜಾಸ್ತಿ, ಪೆಟ್ಟಿಗೆ ಬದಲಾಯಿಸಬೇಕಾಯಿತು. ಮಾರಾಟದವರು ಇವತ್ತಿಗೂ ಆ ಪೆಟ್ಟಿಗೆಯ ಖರ್ಚಿನ ಮಾತು ತೆಗೆಯುತ್ತಾರೆ. ಕ್ಯಾಟಲಾಗಿನಿಂದ 'ಸಾರಿಗೂ' ಅನ್ನುವ ಮಾತನ್ನು ನಾನೇ ಹೊಡೆದುಹಾಕಿದೆ. 60 ಅಚ್ಚೂ ಹಾಳಾದವು, ಅದರ ದುಡ್ಡು ಕಂಪನಿಯೇ ಕೊಟ್ಟಿತು. ಶಾಚೋ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ನನಗೆ ಇನ್ನೂ ಬೇಸರವಿರುವುದು ದಿನಾಂಕದ ವಿಷಯದಲ್ಲಿ. ಮುಂದಿನ ಪ್ರದರ್ಶನಕ್ಕೂ ದಿನ ಮೊದಲೇ ನಿಗದಿಯಾಗಿದೆ. ಎರಡು ವಾರದ ಊಟ ಇಲ್ಲದೆ ಸ್ಯಾಂಪಲ್ ಹೊರಗೆ ಕಳಿಸುವುದಿಲ್ಲ ಅಂತ ಮೀಟಿಂಗ್‌ನಲ್ಲಿ ಹೇಳಿದೆ. ನೋಡೋಣ ಅಂದರು. 3ಡಿ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಕೊಂಡಿದ್ದಾರೆ. ಅದರಲ್ಲಿ ಬೆಳಕು ಇನ್ನೂ ಚೆಂದ ಬೀಳುತ್ತದೆ, ಆದರೆ ಸಾರಿನ ಬಿಸಿ ಅದರಲ್ಲೂ ಗೊತ್ತಾಗುವುದಿಲ್ಲ. ಈಗ ನಾನು ಮೊದಲು ಪ್ಲಾಸ್ಟರಿನಲ್ಲಿ ಕೈಯಾರೆ ಒಂದು ಮಾದರಿ ಮಾಡಿ, ಕಣ್ಣು ಮುಚ್ಚಿ ಎತ್ತಿ ನೋಡುತ್ತೇನೆ. ಆಮೇಲೆ ಡ್ರಾಯಿಂಗ್.

ಸದ್ಯ ಚಹಾ ಕುಡಿಯುವ ಯುನೊಮಿ ಒಂದರ ಕೆಲಸ ನಡೆದಿದೆ. ಇದಕ್ಕೂ ಹಿಡಿಕೆ ಇಲ್ಲ, ಕುದಿ ನೀರಿನ ಮಾತು. ನಿನ್ನೆ ಡ್ರಾಯಿಂಗ್ ಕತಯಾಗೆ ಕೊಟ್ಟು ಬಂದೆ. ಬಾಯಿಯ ಅಗಲ, ಎತ್ತರ, ದಪ್ಪ ಎಲ್ಲ ಬರೆದಿದ್ದೇನೆ. ಕೋದಾಯ್ ಎತ್ತರದ ಜಾಗ ಖಾಲಿ ಬಿಟ್ಟಿದ್ದೇನೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು. ಈ ಸಲ ಒಂದೇ ಸಲ ಕೇಳಿದರು, ಪೆನ್ಸಿಲ್ ಎಲ್ಲಿದೆ ಅಂತ.