ಜಾಮೀನು ಸಿಕ್ಕಿತು, ಜಾಮೀನುದಾರ ಸಿಗಲಿಲ್ಲ

ಮುಂಬೈಯ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಆರೋಪಿಗಳ ಪರ ವಕಾಲತ್ತು ವಹಿಸುವುದು ನನ್ನ ಕಸುಬು. ಕುಂದಾಪುರದ ಕಡೆಯಿಂದ ಬಂದು, ಹೋಟೆಲಿನ ಗಲ್ಲಾದಲ್ಲಿ ಕುಳಿತು ದುಡಿಯುತ್ತ, ಬೆಳಗಿನ ತರಗತಿಗಳಲ್ಲಿ ಕಾನೂನು ಓದಿದವನು. ಇದೇನೂ ಅಪರೂಪದ ಕಥೆಯಲ್ಲ. ಹೋಟೆಲು ಹುಡುಗರಿಗೆಂದು ಕನ್ನಡದ ರಾತ್ರಿ ಶಾಲೆಗಳನ್ನೇ ನಡೆಸಿದ ನಗರವಿದು. ಹಾಗಾಗಿ ಆ ಭಾಗವನ್ನು ಬಿಟ್ಟು ಕೆಲಸದ ವಿಷಯಕ್ಕೆ ಬರುತ್ತೇನೆ.

ಹೊಸದಾಗಿ ಕರಿಕೋಟು ತೊಟ್ಟವರು ಜಾಮೀನು ಕೊಡಿಸುವುದೆಂದರೆ ವಾದ ಮಾಡುವುದು ಎಂದುಕೊಂಡಿರುತ್ತಾರೆ. ತೀರ್ಪುಗಳನ್ನು ಗುಡ್ಡೆ ಹಾಕಿಕೊಂಡು ಬರುತ್ತಾರೆ, ವಾದಿಸುತ್ತಾರೆ, ಗೆಲ್ಲುತ್ತಾರೆ. "ಆರ್ಡರ್ ಆಯಿತು" ಎಂದು ಕಕ್ಷಿದಾರನ ಮನೆಯವರಿಗೆ ಫೋನ್ ಮಾಡಿ ಮುಂದಿನ ಕಡತ ಬಿಚ್ಚುತ್ತಾರೆ. ಹೊರ ಊರಿನಿಂದ ಬಂದವನಾದರೆ ಅವನ ನಿಜವಾದ ಕಷ್ಟ ಶುರುವಾಗುವುದೇ ಅಲ್ಲಿಂದ.

ಹೆಸರು ಬೇಡ, ಒಂದು ಪ್ರಕರಣ ಹೇಳುತ್ತೇನೆ. ವಿಜಯಪುರ ಜಿಲ್ಲೆಯ ಹುಡುಗ, ಕಟ್ಟಡದ ಕೆಲಸದವನು. ತಾಮ್ರದ ತಂತಿ ಕದ್ದ ಆರೋಪ. ಹದಿನೈದು ಸಾವಿರದ ವೈಯಕ್ತಿಕ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ ಎಂದು ಆದೇಶವಾಯಿತು. ಅವನ ಅಣ್ಣ ರಾತ್ರಿ ಬಸ್ ಹತ್ತಿ ಬಂದ. ಪ್ಲಾಸ್ಟಿಕ್ ಚೀಲದಲ್ಲಿ ಪಡಿತರ ಚೀಟಿ, ಆಧಾರ್, ಎರಡು ಎಕರೆ ಹೊಲದ ಪಹಣಿ. ಕೋರ್ಟಿನ ಗುಮಾಸ್ತರು ಪಹಣಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರಿಗೆ ಗೊತ್ತಿರುವುದು ಸಾತ್‌ಬಾರಾ, ಅಂದರೆ ಮಹಾರಾಷ್ಟ್ರದ ಪಹಣಿ. ಕನ್ನಡದ ಕಾಗದ ಓದಲು ಬಾರದು, ಓದಿದರೂ ಹೊಲ ಬೇರೆ ರಾಜ್ಯದಲ್ಲಿದೆ. "ಲೋಕಲ್ ಮನುಷ್ಯನನ್ನು ತನ್ನಿ" ಎಂದರು. ಗುತ್ತಿಗೆದಾರ ಫೋನ್ ಎತ್ತಲಿಲ್ಲ. ಊರಿನಿಂದ ತಾಯಿಯ ಕರೆ ಬಂತು: "ಸಾಹೇಬರೇ, ಬಿಡುಗಡೆ ಆಗಿದೆ ಎಂದಿರಿ, ಹುಡುಗ ಇನ್ನೂ ಒಳಗೇ ಇದ್ದಾನಂತಲ್ಲ?" ಇದಕ್ಕೆ ಕಾನೂನಿನ ಭಾಷೆಯಲ್ಲಿ ಉತ್ತರ ಕೊಡಲು ಹೋಗಬಾರದು. ಯಾವ ಕಾಗದ ಬೇಕು, ಯಾವಾಗ ಸಿಗುತ್ತದೆ, ಅಷ್ಟನ್ನೇ ಹೇಳಬೇಕು.

ಇಂಥ ಹೊತ್ತಿನಲ್ಲಿ ನ್ಯಾಯಾಲಯದ ಆವರಣದ ಹೊರಗೆ ಒಬ್ಬ ಸಿಗುತ್ತಾನೆ, ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ ಜಾಮೀನು ನಿಲ್ಲುವವನು. ನನ್ನ ಕಿರಿಯರಿಗೆ ಅವನ ನೆರಳನ್ನೂ ಸೋಕಬೇಡಿ ಎನ್ನುತ್ತೇನೆ. ಈಗಾಗಲೇ ಎಷ್ಟು ಮಂದಿಗೆ ಜಾಮೀನು ನಿಂತಿದ್ದೇನೆ ಎಂದು ಜಾಮೀನುದಾರ ಘೋಷಿಸಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 441ಎ ಕಲಮು ಹೇಳುತ್ತಿತ್ತು, ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲೂ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಅದು ಇದೆ. ಇಂಥ ಬಾಡಿಗೆ ಜಾಮೀನುದಾರನ ಪಡಿತರ ಚೀಟಿ ನಕಲಿ ಎಂದು ಬಯಲಾದರೆ ತಂತಿಯ ಕೇಸಿನ ಹುಡುಗನ ತಲೆಗೆ ವಂಚನೆಯ ಕೇಸೂ ಸುತ್ತಿಕೊಳ್ಳುತ್ತದೆ.

ದಾರಿ ಕಾನೂನಿನಲ್ಲೇ ಇದೆ. ಹಳೆಯ ಸಂಹಿತೆಯ 445ನೇ ಕಲಮಿನಡಿ, ಹೊಸದರಲ್ಲಾದರೆ 490ರಡಿ, ನಗದು ಕಟ್ಟಲು ಅನುಮತಿ ಕೇಳಬಹುದು. ಮುಂಬೈಯಲ್ಲಿ ಕೆಲವು ವಾರಗಳ ಮಟ್ಟಿಗೆ ನಗದು ಜಾಮೀನಿನ ಮೇಲೆ ಬಿಡಿಸಿಕೊಂಡು, ಆಮೇಲೆ ಜಾಮೀನುದಾರನನ್ನು ತರುವ ರೂಢಿಯಿದೆ. ಅದನ್ನು ಮೊದಲ ಅರ್ಜಿಯ ಬೇಡಿಕೆಯಲ್ಲೇ ಬರೆದುಬಿಡಬೇಕು, ಆದೇಶವಾದ ಮೇಲೆ ಮತ್ತೊಂದು ಅರ್ಜಿ ಹಿಡಿದು ಓಡಾಡಬಾರದು. ಜೊತೆಗೆ 2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನಗಳನ್ನು ಲಗತ್ತಿಸಬೇಕು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತದೆ, ಅಂಥ ಪ್ರಕರಣಗಳಲ್ಲಿ ಆ ಷರತ್ತು ಹಾಕದಿರಬಹುದು ಎಂದು ಅದರಲ್ಲಿದೆ. ತಿಂಗಳೊಳಗೆ ಮುಚ್ಚಳಿಕೆ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು ಎಂದೂ ಇದೆ.

ಇದಕ್ಕೂ ಹಳೆಯದು 1978ರ ಮೋತಿರಾಮ್ ತೀರ್ಪು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನು. ಮ್ಯಾಜಿಸ್ಟ್ರೇಟರು ಹತ್ತು ಸಾವಿರದ ಜಾಮೀನು ಕೇಳಿದರು; ಸಹೋದರ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಒಂದು ಸಾವಿರದ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿತು. ದೂರದ ಊರಿನಲ್ಲಿ ಬಂಧನಕ್ಕೊಳಗಾದ ಮಲಯಾಳಿ, ಕನ್ನಡಿಗ, ತಮಿಳ, ತೆಲುಗ ಏನು ಮಾಡಬೇಕು ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದರಲ್ಲಿ ಕೇಳಿದ್ದಾರೆ. ಇಷ್ಟು ವರ್ಷಗಳ ಮೇಲೂ ಗುಮಾಸ್ತರ ಮೇಜಿನ ಮುಂದೆ ಆ ತೀರ್ಪನ್ನು ಹಿಡಿದು ನಿಲ್ಲಬೇಕಾಗಿ ಬರುತ್ತದಲ್ಲ, ನನಗೆ ರೇಗುವುದು ಅದಕ್ಕೇ. ತಾಮ್ರದ ತಂತಿಯ ಹುಡುಗ ಕೊನೆಗೆ ನಗದು ಕಟ್ಟಿ ಹೊರಬಂದ. ದುಡ್ಡು ಅಣ್ಣ ಸಾಲ ಮಾಡಿ ತಂದದ್ದು.

ಜಾಮೀನಿನ ಬಗ್ಗೆ ವಕೀಲರಿಗಾಗಿ ಇಂಗ್ಲಿಷಿನಲ್ಲಿ ಒಂದು ಕೈಪಿಡಿ ಬರೆದಿದ್ದೇನೆ. ಪ್ರಕಾಶಕರಿಗೆ ಬೇಕಿದ್ದದ್ದು ಉಚ್ಚ ನ್ಯಾಯಾಲಯಗಳ ತೀರ್ಪುಗಳ ವಿಶ್ಲೇಷಣೆ. ಜಾಮೀನುದಾರನ ಕಾಗದಪತ್ರ, ಅವನ ಆರ್ಥಿಕ ಶಕ್ತಿಗೆ ಪುರಾವೆಯಾದ ಸಾಲ್ವೆನ್ಸಿ ಸರ್ಟಿಫಿಕೇಟ್, ಬಿಡುಗಡೆ ಆದೇಶ ಜೈಲು ತಲುಪುವ ಬಗೆ, ಇದರ ಅಧ್ಯಾಯವನ್ನು ಅವರು ಅನುಬಂಧಕ್ಕೆ ತಳ್ಳಬೇಕೆಂದಿದ್ದರು. ನಾನು ಪಟ್ಟು ಬಿಡಲಿಲ್ಲ. ಓದಿದವರು ಫೋನ್ ಮಾಡುವುದು ಆ ಅಧ್ಯಾಯದ ಬಗ್ಗೆಯೇ. ಆರ್ಥರ್ ರೋಡ್ ಜೈಲಿನ ಹೊರಗಿನ ಜಾಮೀನು ಪೆಟ್ಟಿಗೆಗೆ ಹೊತ್ತು ಮೀರುವ ಮುಂಚೆ ಆದೇಶ ಬೀಳದಿದ್ದರೆ ಇನ್ನೊಂದು ರಾತ್ರಿ ಒಳಗೇ ಎಂಬುದು 2021ರಲ್ಲಿ ಒಬ್ಬ ಚಿತ್ರನಟನ ಮಗನ ದೆಸೆಯಿಂದ ದೇಶಕ್ಕೆಲ್ಲ ಗೊತ್ತಾಯಿತು. ನಮ್ಮ ಹೋಟೆಲು ಹುಡುಗರಿಗೆ ಮೊದಲೇ ಗೊತ್ತಿತ್ತು.

2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬಂದು ಕಾನೂನಿನ ಅಂಕಿಗಳೆಲ್ಲ ಬದಲಾದವು. ಜಾಮೀನಿನ ಕಲಮುಗಳಲ್ಲಿ 437 ಹೋಗಿ 480, 438 ಹೋಗಿ 482, 439 ಹೋಗಿ 483. ಹಳೆಯ ಪ್ರಕರಣಗಳು ಹಳೆಯ ಅಂಕಿಯಲ್ಲೇ ನಡೆಯುತ್ತಿರುವುದರಿಂದ ಪುಸ್ತಕದ ಪುಟಪುಟದಲ್ಲೂ ಎರಡೆರಡು ಅಂಕಿ ಹಾಕಬೇಕಾಯಿತು. ಬೇಸರದ ಕೆಲಸ, ಹೆಚ್ಚು ಹೇಳುವುದಿಲ್ಲ. 479ನೇ ಕಲಮನ್ನು ಮಾತ್ರ ಗುರುತು ಹಾಕಿಕೊಳ್ಳಿ: ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನ ಕೈದಿಯಾಗಿ ಕಳೆದಿದ್ದರೆ, ಮರಣದಂಡನೆ ಅಥವಾ ಜೀವಾವಧಿಯಂಥ ಪ್ರಕರಣಗಳನ್ನು ಬಿಟ್ಟು, ಬಿಡುಗಡೆಗೆ ಅರ್ಹ. ಹಳೆಯ ಪ್ರಕರಣಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ಹೇಳಿದೆ.

ಇನ್ನು ಮುಂಬೈಯ ನಮ್ಮ ಹೋಟೆಲು ಮಾಲೀಕರಿಗೆ, ಗುತ್ತಿಗೆದಾರರಿಗೆ ಒಂದು ಮಾತು. ಸಹಿ ಹಾಕಿದರೆ ತಮ್ಮ ಮೇಲೂ ಕೇಸು ಬೀಳುತ್ತದೆ ಎಂಬ ಹೆದರಿಕೆ ನಿಮ್ಮಲ್ಲಿ ಬಹಳ ಜನಕ್ಕಿದೆ. ಹುಡುಗ ತಲೆಮರೆಸಿಕೊಂಡರೆ ನ್ಯಾಯಾಲಯ ನೋಟಿಸು ಕೊಟ್ಟು ಕಾರಣ ಕೇಳುತ್ತದೆ. ಕೈಬಿಟ್ಟು ಹೋಗುವುದು ಮುಚ್ಚಳಿಕೆಯಲ್ಲಿ ಬರೆದ ಮೊತ್ತ, ಅದರಲ್ಲೂ ಒಂದಷ್ಟನ್ನು ಮನ್ನಾ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಹುಡುಗ ಮಾಡಿದ ಅಪರಾಧ ನಿಮಗೆ ಅಂಟುವುದಿಲ್ಲ. ನಡುವೆ ಅವನ ಮೇಲೆ ನಂಬಿಕೆ ಹೋದರೆ 444ನೇ ಕಲಮಿನಡಿ, ಹೊಸ ಸಂಹಿತೆಯಲ್ಲಾದರೆ 489ರಡಿ, ಅರ್ಜಿ ಕೊಟ್ಟು ನೀವು ಹೊರಬರಬಹುದು.